ಅತ್ತೆಗೆ ನಾನು ಜಾಮೀನು

ಹಾಲೆಂಡಿನ ಕ್ಯೂಕೆನ್‌ಹಾಫ್ ಹೂದೋಟ ವರ್ಷದಲ್ಲಿ ಎಂಟು ವಾರ ಮಾತ್ರ ತೆರೆದಿರುತ್ತದೆ. ಮಾರ್ಚ್ ಮೂರನೇ ವಾರದ ಹೊತ್ತಿಗೆ ಬಾಗಿಲು ತೆಗೆದರೆ ಮೇ ನಡುವಿಗೆ ಮುಚ್ಚಿಬಿಡುತ್ತಾರೆ. ಅಷ್ಟಕ್ಕೋಸ್ಕರ ಪ್ರತಿ ವರ್ಷ ಸುಮಾರು 70 ಲಕ್ಷ ಗೆಡ್ಡೆ ನೆಡುತ್ತಾರೆ. ಟುಲಿಪ್ ತುಂಬಿ ಅರಳಿರುವುದನ್ನು ನೋಡಬೇಕು ಅಂದರೆ ಏಪ್ರಿಲ್‌ನಲ್ಲಿ ಹೋಗಬೇಕು. ಮೈಸೂರು ಮಲ್ಲಿಗೆ ರಾಶಿ ರಾಶಿ ಬಿಡುವುದೂ ಏಪ್ರಿಲ್‌ನಲ್ಲೇ. ನನ್ನ ಸೋದರತ್ತೆಯನ್ನು ಅಲ್ಲಿಗೆ ಕರೆದುಕೊಂಡು ಹೋಗುವುದಕ್ಕೆ ಇದ್ದ ನಿಜವಾದ ತೊಡಕು ಇದೊಂದೇ. ವೀಸಾ ಅರ್ಜಿಯಲ್ಲಿ ಇದನ್ನು ಬರೆಯುವುದಕ್ಕೆ ಮಾತ್ರ ಎಲ್ಲೂ ಜಾಗ ಇರಲಿಲ್ಲ.

ಅತ್ತೆ ಇರುವುದು ಮೈಸೂರಿನ ಆಚೆ ಒಂದು ಹಳ್ಳಿಯಲ್ಲಿ. ಅರ್ಧ ಎಕರೆಯಷ್ಟು ಮಲ್ಲಿಗೆ ತೋಟ, ಎರಡು ಹಸು, ಒಂದು ಹೆಂಚಿನ ಮನೆ. ಒಬ್ಬಳೇ ಮಗಳನ್ನು ಹಾಸನದ ಕಡೆ ಕೊಟ್ಟಿದ್ದಾರೆ. ಮಾವ ತೀರಿಕೊಂಡ ಮೇಲೆ ತೋಟವನ್ನು ಪೂರ್ತಿ ನೋಡಿಕೊಳ್ಳುತ್ತಿರುವುದು ಅತ್ತೆಯೇ. ಸೀಸನ್ನಿನಲ್ಲಿ ಇನ್ನೂ ಕತ್ತಲಿರುವಾಗಲೇ ಹಣೆಗೆ ಬ್ಯಾಟರಿ ಕಟ್ಟಿಕೊಂಡು ಮೊಗ್ಗು ಬಿಡಿಸುವುದಕ್ಕೆ ನಿಲ್ಲುತ್ತಾಳೆ. ಹೊತ್ತು ಏರಿ ಹೂವಾದರೆ ಮಂಡಿಯಲ್ಲಿ ಅದನ್ನು ಕೇಳುವವರಿಲ್ಲ. ಒಂದು ದಿನ ಬಿಡಿಸದೆ ಬಿಟ್ಟರೆ ಆ ದಿನದ ಬೆಳೆ ಹೋಯಿತು ಅಂತಲೇ ಲೆಕ್ಕ. ಮದುವೆ ಮನೆಗೆ ಹೋದರೂ ಧಾರೆ ಮುಗಿಯುತ್ತಿದ್ದ ಹಾಗೆ ಬಸ್ಸಿನ ಟೈಮು ಕೇಳುವವಳು ಅವಳು.

ಇಂಥವಳಿಗೆ ಯಾರೋ ಫೋನಿನಲ್ಲಿ ಆಲ್ಸ್‌ಮೇರ್ ಹೂವಿನ ಹರಾಜಿನ ವಿಡಿಯೋ ತೋರಿಸಿದ್ದಾರೆ. ಆಮ್‌ಸ್ಟರ್‌ಡ್ಯಾಮ್ ಪಕ್ಕದ ಊರು ಅದು. ಪ್ರಪಂಚದ ಅತಿ ದೊಡ್ಡ ಹೂವಿನ ಹರಾಜು ಮಾರುಕಟ್ಟೆಗಳಲ್ಲಿ ಒಂದು. ಒಂದೇ ಸೂರಿನಡಿ ಹೂವಿನ ಗಾಡಿಗಳು ರೈಲಿನ ಹಾಗೆ ಒಂದಕ್ಕೊಂದು ಜೋಡಿಸಿಕೊಂಡು ಓಡಾಡುತ್ತವೆ. ಅದನ್ನು ನೋಡಿ ಅತ್ತೆ ಕೇಳಿದ ಮೊದಲ ಪ್ರಶ್ನೆ, "ಇಷ್ಟೊಂದ್ ಹೂವ ಯಾರವ್ವ ಕಟ್ಟದು?" ಕಟ್ಟಲ್ಲ ಅತ್ತೆ, ಹಾಗೇ ಕಾಂಡದ ಸಮೇತ ಮಾರ್ತಾರೆ ಅಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಆಮೇಲೆ ನಾನು ಊರಿಗೆ ಹೋದಾಗಲೆಲ್ಲ ಆ ವಿಡಿಯೋ ಹಾಕಿಸಿಕೊಂಡು ನೋಡುತ್ತಿದ್ದಳು. ಒಂದು ದಿನ, "ಒಂದ್ಸಲ ಹೋಗಿ ನೋಡ್ಕಂಡು ಬರಾನ ಕಣವ್ವ" ಅಂದಳು. ಅರವತ್ತು ದಾಟಿದ ಹೆಂಗಸು ಕಾಶಿ, ತಿರುಪತಿ ಅನ್ನದೆ ಹಾಲೆಂಡ್ ಅಂದದ್ದಕ್ಕೆ ಮನೆಯಲ್ಲಿ ಎಲ್ಲರೂ ನಕ್ಕರು. ನಾನು ನಗಲಿಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಕೈಯಲ್ಲಿ ಒಂದಿಷ್ಟು ದುಡ್ಡು, ಉಳಿದ ರಜೆ, ಎಲ್ಲ ಇತ್ತು. ಸರಿ, ಹೋಗೋಣ ಅಂದೆ.

ಅವಳಿಗೆ ಪಾಸ್‌ಪೋರ್ಟ್ ಇರಲಿಲ್ಲ. ಅದೇನೂ ಕಷ್ಟವಾಗಲಿಲ್ಲ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಯೋಜನೆ ದೇಶದಲ್ಲೇ ಮೊದಲು ಶುರುವಾದ ಊರುಗಳಲ್ಲಿ ಮೈಸೂರೂ ಒಂದು, 2017ರ ಜನವರಿಯಲ್ಲಿ. ಅದಕ್ಕೆ ಮುಂಚೆ ನಮ್ಮ ಕಡೆಯವರು ಇದಕ್ಕೂ ಬೆಂಗಳೂರಿಗೇ ಬರಬೇಕಿತ್ತು. 1350 ರೂಪಾಯಿ ಕಟ್ಟಿ, ಆಧಾರ್ ತೋರಿಸಿ, ಫೋಟೋಗೆ ಮುಖ ಕೊಟ್ಟು ಬಂದಳು. ಹುಟ್ಟಿದ ದಿನ ಜೂನ್ 1. ಅವಳ ವಯಸ್ಸಿನ ಅರ್ಧ ಕರ್ನಾಟಕ ಹುಟ್ಟಿದ್ದು ಜೂನ್ 1ನೇ ತಾರೀಕೇ, ಅಲ್ವಾ? ಸ್ಕೂಲು ಶುರುವಾಗುವ ಹೊತ್ತಿಗೆ ಮೇಷ್ಟ್ರು ಬರೆದುಕೊಂಡದ್ದೇ ಜಾತಕ. ಹತ್ತನೇ ಕ್ಲಾಸು ಪಾಸಾಗದವರ ಪಾಸ್‌ಪೋರ್ಟಿಗೆ ಕೆಲಸಕ್ಕೆ ಹೊರದೇಶಕ್ಕೆ ಹೋಗುವಾಗ ತಪಾಸಣೆ ಬೇಕು ಅನ್ನುವ ಷರತ್ತು ಬೀಳುತ್ತದೆ. 50 ದಾಟಿದವರಿಗೆ ಅದಿಲ್ಲ. ಪೊಲೀಸ್ ವೆರಿಫಿಕೇಶನ್‌ಗೆ ಬಂದವರು ಕಾಫಿ ಕುಡಿದು, ಅತ್ತೆ ಒತ್ತಾಯ ಮಾಡಿ ಕೊಟ್ಟ ಒಂದು ಮಾರು ಮಲ್ಲಿಗೆ ತೆಗೆದುಕೊಂಡು ಹೋದರು.

ಹೆಸರಿನ ವಿಷಯ ಮಾತ್ರ ಸ್ವಲ್ಪ ತಲೆ ತಿಂದಿತು. ಅತ್ತೆಯ ಹೆಸರು 'ಅಮ್ಮ' ಅಂತ ಮುಗಿಯುವ ಒಂದೇ ಪದ. ಸರ್‌ನೇಮ್ ಅಂತ ಏನೂ ಇಲ್ಲ, ನಮ್ಮಲ್ಲಿ ಎಷ್ಟೋ ಜನಕ್ಕೆ ಇರುವುದಿಲ್ಲ. ಅಮೆರಿಕದ ವೀಸಾದಲ್ಲಾದರೆ ಇಂಥವರ ಇರುವ ಒಂದು ಹೆಸರನ್ನು ಸರ್‌ನೇಮ್ ಜಾಗಕ್ಕೆ ಹಾಕಿ, ಸ್ವಂತ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಬರೆಯುತ್ತಾರೆ. ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಅಮೆರಿಕದಲ್ಲಿ ಎಷ್ಟೋ ದಕ್ಷಿಣ ಭಾರತದವರು ಬ್ಯಾಂಕಿನಲ್ಲೂ ಆಸ್ಪತ್ರೆಯಲ್ಲೂ ಮಿಸ್ಟರ್ ಎಫ್‌ಎನ್‌ಯು ಅನ್ನಿಸಿಕೊಂಡಿದ್ದಾರೆ. ಯುಎಇ 2022ರ ನವೆಂಬರ್‌ನಲ್ಲಿ ಒಂದೇ ಹೆಸರಿರುವ ಪಾಸ್‌ಪೋರ್ಟಿನವರಿಗೆ ಪ್ರವಾಸಿ ವೀಸಾ ಇಲ್ಲ ಅಂದುಬಿಟ್ಟಿತು. ಆಮೇಲೆ, ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ಅಪ್ಪನ ಹೆಸರೋ ಮನೆತನದ ಹೆಸರೋ ಇದ್ದರೆ ಆಗುತ್ತದೆ ಅಂತ ಸಡಿಲ ಮಾಡಿತು. ಹಾಗಾಗಿ ಅಪ್ಪನ ಹೆಸರನ್ನು ಸರ್‌ನೇಮ್ ಜಾಗಕ್ಕೆ ಹಾಕಿಸಿದೆವು. ನನ್ನ ಅಜ್ಜ ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ಮಗಳ ಜೊತೆ ಯೂರೋಪಿಗೆ ಹೊರಟರು.

ಇನ್ನು ವೀಸಾ. ಹಾಲೆಂಡಿಗೆ ಬೇಕಾದದ್ದು ಷೆಂಗೆನ್ ವೀಸಾ. 29 ದೇಶಗಳಿಗೆ ಒಂದೇ ವೀಸಾ ನಡೆಯುತ್ತದೆ. ಯಾವುದೇ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವ ಹಾಗಿಲ್ಲ. ಷೆಂಗೆನ್ ಅನ್ನುವುದು ಲಕ್ಸೆಂಬರ್ಗಿನ ಒಂದು ಪುಟ್ಟ ಹಳ್ಳಿ. 1985ರ ಜೂನ್‌ನಲ್ಲಿ ಅಲ್ಲಿ ಮೋಸೆಲ್ ನದಿಯ ಮೇಲೆ ನಿಂತಿದ್ದ ದೋಣಿಯೊಂದರಲ್ಲಿ ಐದು ದೇಶದವರು ಕೂತು, ನಮ್ಮ ನಮ್ಮ ನಡುವಿನ ಗಡಿ ಗೇಟುಗಳನ್ನು ತೆಗೆದುಬಿಡೋಣ ಅಂತ ಸಹಿ ಹಾಕಿದರು. ಒಳಗಿನ ಗೇಟು ತೆಗೆದ ಮೇಲೆ ಹೊರಗಿನ ಗೇಟು ಗಟ್ಟಿಯಾಗಲೇಬೇಕಲ್ಲ. ಆ ಹೊರಗಿನ ಗೇಟಿನ ಮುಂದೆ ನಾವು ನಿಂತಿದ್ದೆವು.

ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಕೊನೆ ಅಂದರೂ ಹದಿನೈದು ದಿನ ಮುಂಚೆ ಹಾಕಬೇಕು. ತೀರ್ಮಾನಕ್ಕೆ ಹದಿನೈದು ದಿನ ಅಂತ ನಿಯಮ, ಅದು 45 ದಿನದವರೆಗೂ ಎಳೆಯಬಹುದು. ಫೀಸು 2024ರ ಜೂನ್‌ನಿಂದ 90 ಯೂರೋ, ಅದಕ್ಕೆ ಮುಂಚೆ 80 ಇತ್ತು. ನಮ್ಮ ದುಡ್ಡಲ್ಲಿ ಹೆಚ್ಚುಕಮ್ಮಿ ಒಂಬತ್ತು ಸಾವಿರ, ಅರ್ಜಿ ಕೇಂದ್ರದ ಚಾರ್ಜು ಬೇರೆ. "ವೀಸಾ ಕೊಡ್ನಿಲ್ಲ ಅಂದ್ರೆ ದುಡ್ಡು ವಾಪಸ್ ಕೊಟ್ಟಾರಾ?" ಅಂತ ಅತ್ತೆ ಕೇಳಿದಳು. ಇಲ್ಲ ಅಂದೆ. "ಹಂಗಾರೆ ಬೇಡ ಅನ್ನಕೂ ಕೂಲಿ ತಗತಾರಾ" ಅಂದಳು. ಮಂಡಿಯಲ್ಲಿ ಹೂ ಹೋಗದಿದ್ದರೆ ದಲ್ಲಾಳಿ ಕಮಿಷನ್ ಹಿಡಿಯುವುದಿಲ್ಲವಂತೆ.

ಅರ್ಜಿಯಲ್ಲಿ 'ಸದ್ಯದ ಉದ್ಯೋಗ' ಅನ್ನುವ ಕಡೆ ಬಂದಾಗ ಟ್ರಾವೆಲ್ಸ್‌ನ ಹುಡುಗ ಏನನ್ನೂ ಕೇಳದೆ 'ಹೌಸ್‌ವೈಫ್' ಅಂತ ಟೈಪ್ ಮಾಡಿದ. ನಾನು ಅದನ್ನು ತೆಗೆಸಿ 'ಹೂ ಬೆಳೆಗಾರ್ತಿ' ಅಂತ ಹಾಕಿಸಿದೆ. ಅವನು ಮುಖ ಸಣ್ಣಗೆ ಮಾಡಿಕೊಂಡು, "ಮೇಡಂ, ಹಾಗೆ ಹಾಕಿದರೆ ಪ್ರೂಫ್ ಕೇಳ್ತಾರೆ. ಹೌಸ್‌ವೈಫ್‌ಗೆ ಪ್ರೂಫ್ ಬೇಕಿಲ್ಲ" ಅಂದ. ಪ್ರೂಫ್ ತಾನೇ, ಕೊಟ್ಟರಾಯಿತು ಅಂದುಕೊಂಡೆ. ನಮ್ಮ ಮುಂದಿನ ಇಡೀ ಓಡಾಟ ಆ ಒಂದು ಮಾತಿನಿಂದ ಹುಟ್ಟಿದ್ದು.

ಕೊಡಬೇಕಾದ ಕಾಗದಗಳ ಪಟ್ಟಿಯಲ್ಲಿ ಇನ್‌ಕಂ ಟ್ಯಾಕ್ಸ್ ರಿಟರ್ನ್ಸ್ ಇದೆ. ಕೃಷಿ ಆದಾಯಕ್ಕೆ ನಮ್ಮಲ್ಲಿ ತೆರಿಗೆಯಿಲ್ಲ, ಆದಾಯ ತೆರಿಗೆ ಕಾಯ್ದೆಯೇ ಬಿಟ್ಟಿದೆ. ಹಾಗಾಗಿ ಅತ್ತೆ ರಿಟರ್ನ್ಸ್ ಹಾಕಿದವಳಲ್ಲ. ವ್ಯಾಪಾರದ ದಾಖಲೆ ಅಂದರೆ ಮಂಡಿಯವರು ಕೊಡುವ ಚೀಟಿ. ಅದರಲ್ಲಿ ತೂಕ, ದರ, ಕಮಿಷನ್, ಕೈಗೆ ಬಂದ ದುಡ್ಡು ಎಲ್ಲ ಪೆನ್ಸಿಲಿನಲ್ಲಿ ಗೀಚಿರುತ್ತದೆ. ಅತ್ತೆ ಅದನ್ನು ದುಡ್ಡು ಎಣಿಸಿಕೊಂಡ ತಕ್ಷಣ ಮಡಚಿ ಒಲೆಗೆ ಹಾಕುತ್ತಾಳೆ. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿದೆವು, ಸೀಲು ಹಾಕಿಸಿದೆವು. ಅದರಲ್ಲಿ ಹೂವಿನ ಸುಳಿವೇ ಇಲ್ಲ. ಹೂವಿನ ದುಡ್ಡು ನಗದಾಗಿ ಬಂದು ನಗದಾಗೇ ಹಿಂಡಿ, ಬೂಸಾ, ಗೊಬ್ಬರಕ್ಕೆ ಹೋಗಿಬಿಡುತ್ತದೆ. ಸ್ಟೇಟ್‌ಮೆಂಟಿನಲ್ಲಿ ಕಂಡದ್ದು ಗೃಹಲಕ್ಷ್ಮಿಯ ಎರಡೆರಡು ಸಾವಿರ, ಡೇರಿಯ ಹಾಲಿನ ಬಟವಾಡೆ, ಸಂಘದ ಸಾಲದ ಕಂತು. ಗೃಹಲಕ್ಷ್ಮಿ ಅಂದರೆ ಯಾವ ಕಂಪನಿ ಅಂತ ಅಲ್ಲಿ ಯಾರಾದರೂ ತಲೆ ಕೆರೆದುಕೊಂಡಿರಬಹುದು.

ಪಹಣಿ ಕೊಡೋಣ ಅಂದುಕೊಂಡೆವು. ಭೂಮಿ ವೆಬ್‌ಸೈಟಿನಲ್ಲಿ ಸರ್ವೆ ನಂಬರ್ ಹಾಕಿದರೆ ಪಹಣಿ ಎರಡು ನಿಮಿಷದಲ್ಲಿ ಬರುತ್ತದೆ. ಬಂತು. ಮಾಲೀಕರ ಹೆಸರಿರುವ ಒಂಬತ್ತನೇ ಕಾಲಂನಲ್ಲಿ ಇದ್ದದ್ದು ಅತ್ತೆಯ ಮಾವನ ಹೆಸರು. ಅಂದರೆ ನನ್ನ ಮಾವನ ಅಪ್ಪ. ನಾನು ಹುಟ್ಟುವುದಕ್ಕೆ ಮುಂಚೆಯೇ ತೀರಿಹೋದವರು. ಅವರಿಂದ ಗಂಡನ ಹೆಸರಿಗೂ ಬಂದಿಲ್ಲ, ಗಂಡನಿಂದ ಇವಳಿಗೂ ಬಂದಿಲ್ಲ. ಪೌತಿ ಖಾತೆ ಮಾಡಿಸಬೇಕು ಅಂತ ಆ ಮನೆಯಲ್ಲಿ ಮೂವತ್ತು ವರ್ಷದಿಂದ ಮಾತಾಡುತ್ತಿದ್ದಾರೆ. ಬೆಳೆ ಅನ್ನುವ ಕಡೆ ನೋಡಿದರೆ ರಾಗಿ ಅಂತಿತ್ತು. ಮಲ್ಲಿಗೆಯೂ ಇಲ್ಲ, ಮಲ್ಲಿಗೆ ಬೆಳೆಯುವವಳೂ ಇಲ್ಲ.

ಪಹಣಿಯಲ್ಲಿ ಹೆಸರಿಲ್ಲ ಅಂದರೆ ರೈತರ ಗುರುತಿನ ಸಂಖ್ಯೆ ಸಿಗುವುದಿಲ್ಲ. ಅದಿಲ್ಲ ಅಂದರೆ ವರ್ಷಕ್ಕೆ ಆರು ಸಾವಿರ ಕೊಡುವ ಪಿಎಂ ಕಿಸಾನ್ ಇಲ್ಲ, ಬೆಳೆ ಸಾಲ ಇಲ್ಲ. ಅತ್ತೆ ಇದನ್ನೆಲ್ಲ ಯಾವತ್ತೂ ತೊಂದರೆ ಅಂತ ಹೇಳಿಕೊಂಡವಳಲ್ಲ. "ತೋಟ ನಂದೇ ಅಂತ ಊರಿಗೆಲ್ಲ ಗೊತ್ತಲ್ಲವ್ವ" ಅಂದಳು. ಊರಿಗೆ ಗೊತ್ತು. ಆದರೆ ಅರ್ಜಿ ತೀರ್ಮಾನವಾಗುವುದು ದಿ ಹೇಗ್ ನಗರದ ಒಂದು ಕಚೇರಿಯಲ್ಲಿ. ಬೆಂಗಳೂರಿನ ಅರ್ಜಿ ಕೇಂದ್ರದಲ್ಲಿ ಕೂತವರು ಕಾಗದ ಜೋಡಿಸಿಕೊಂಡು ಕಳಿಸುವವರು ಅಷ್ಟೇ. ಅವರ ಮುಂದೆ ಅತ್ತು ಕರೆದು ಪ್ರಯೋಜನವಿಲ್ಲ.

ಸ್ವಂತ ಆದಾಯ ತೋರಿಸಲಾಗದವರಿಗೆ ಇನ್ನೊಂದು ದಾರಿ ಇದೆ. ಖರ್ಚನ್ನು ಬೇರೆಯವರು ವಹಿಸಿಕೊಳ್ಳಬಹುದು. ಹಾಲೆಂಡಿನ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಯೂರೋ ಖರ್ಚು ಮಾಡುವ ಶಕ್ತಿ ತೋರಿಸಬೇಕು. ನನ್ನ ಸಂಬಳದ ಚೀಟಿ, ರಿಟರ್ನ್ಸ್, ಆಫೀಸಿನ ರಜೆ ಪತ್ರ ಎಲ್ಲ ಇತ್ತು. ಹಾಗಾದರೆ ನೀವಿಬ್ಬರೂ ಸಂಬಂಧಿಕರು ಅನ್ನುವುದಕ್ಕೆ ಏನಾದರೂ ಕೊಡಿ ಅಂದ ಟ್ರಾವೆಲ್ಸ್ ಹುಡುಗ. ಗಂಡ ಹೆಂಡತಿಗಾದರೆ ಮದುವೆ ಸರ್ಟಿಫಿಕೇಟ್ ಇದೆ, ಮಕ್ಕಳಿಗೆ ಜನನ ಪತ್ರ ಇದೆ. ಅತ್ತೆಗೂ ಸೊಸೆಗೂ ಏನಿದೆ? ಅವನೇ ಹೇಳಿದ, "ವಂಶವೃಕ್ಷ ಮಾಡಿಸಿಬಿಡಿ ಮೇಡಂ, ನಾಡಕಚೇರಿಲಿ ಕೊಡ್ತಾರೆ." ಸುಲಭದ ಕೆಲಸ ಅನ್ನುವ ಹಾಗೆ ಹೇಳಿದ.

ಹಳ್ಳಿಯಲ್ಲಿ ವಂಶವೃಕ್ಷ ಬರೆಸುವುದು ಆಸ್ತಿ ಭಾಗ ಮಾಡುವಾಗ. ಬೇರೆ ಕೆಲಸಕ್ಕೆ ಅದನ್ನು ಕೇಳುವುದು ಅಪರೂಪ. ಅಪ್ಪ ಅರ್ಜಿ ಕೊಟ್ಟು ಮನೆಗೆ ಬರುವುದರೊಳಗೆ ವಿಷಯ ಊರಲ್ಲೆಲ್ಲ ಹರಡಿತ್ತು. ಆ ರಾತ್ರಿ ದೊಡ್ಡಪ್ಪ ಫೋನ್ ಮಾಡಿದರು. ಮಳೆ, ಬೆಳೆ, ನನ್ನ ಕೆಲಸ, ಬೆಂಗಳೂರಿನ ನೀರು ಎಲ್ಲ ವಿಚಾರಿಸಿ ಕೊನೆಗೆ, "ಅದೇನವ್ವಾ, ನಿಮ್ಮತ್ತೆಗೆ ಈಗ ವಂಶವೃಕ್ಷ ಯಾಕೆ ಬೇಕಾಯ್ತು?" ಅಂದರು. ವೀಸಾಕ್ಕೆ ದೊಡ್ಡಪ್ಪ ಅಂದೆ. "ವೀಸಾಕ್ಕೆ ವಂಶವೃಕ್ಷ ಕೇಳ್ತಾರಾ?" ಅಂತ ಎರಡು ಸಲ ಕೇಳಿದರು.

ಅವರ ಭಯಕ್ಕೂ ಕಾರಣವಿತ್ತು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ಮಾಡಿತ್ತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಬಿಟ್ಟಿತ್ತು. 2005ರಲ್ಲಿ ಇಡೀ ದೇಶಕ್ಕೆ ಬಂದ ತಿದ್ದುಪಡಿ ಆ ಭೇದ ಇಟ್ಟುಕೊಳ್ಳಲಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟು, ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ಅಪ್ಪ ಬದುಕಿರಬೇಕು ಅಂತೇನಿಲ್ಲ ಅಂತ ತೀರ್ಪು ಕೊಟ್ಟಿತು. ದೊಡ್ಡಪ್ಪ ದಿನಾ ಪೇಪರ್ ಓದುವವರು. ಅಕ್ಕತಂಗಿಯರು ಕೋರ್ಟಿಗೆ ಹೋದ ಮನೆಗಳು ನಮ್ಮೂರಲ್ಲೂ ಇವೆ. ಎರಡು ದಿನ ಬಿಟ್ಟು ಮತ್ತೆ ಫೋನ್ ಮಾಡಿ, "ವಂಶವೃಕ್ಷಕ್ಕೆ ನಾನೇನು ಅಡ್ಡ ಬರಲ್ಲ. ಹೇಗೂ ಕಾಗದ ಪತ್ರ ಮಾಡಿಸ್ತಾ ಇದ್ದೀರಲ್ಲ, ಹಕ್ಕು ಬಿಡುಗಡೆ ಪತ್ರಕ್ಕೂ ಅವಳ ಕೈಲಿ ಒಂದು ಸೈನ್ ಹಾಕಿಸಿಬಿಡಿ" ಅಂದರು.

ಇದನ್ನು ಅತ್ತೆಗೆ ಹೇಗೆ ಹೇಳುವುದು ಅಂತ ನನಗೆ ಸಂಕೋಚ. ಹೇಳಿದಾಗ ಅವಳು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. "ನಾನು ಹೂವ ನೋಡಕೆ ಹೊಂಟಿವ್ನಿ, ಭಾಗ ಕೇಳಕಲ್ಲ ಅಂತ ಹೇಳು ನಿಮ್ ದೊಡ್ಡಪ್ಪಂಗೆ." ನಗು ನಿಂತ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೇಳುದ್ರೆ ಬತ್ತದಾ?" ಅಂದಳು. ಬರುತ್ತೆ ಅತ್ತೆ ಅಂದೆ. "ಬೇಡ ಬುಡು" ಅಂದಳು. ಆದರೆ ಬಿಡುಗಡೆ ಪತ್ರಕ್ಕೆ ಸೈನ್ ಹಾಕಲಿಲ್ಲ. ದೊಡ್ಡಪ್ಪ ಅದನ್ನು ಇನ್ನೂ ಮರೆತಿಲ್ಲ. ವಂಶವೃಕ್ಷ ಬಂತು, ಅದನ್ನು ಇಂಗ್ಲಿಷಿಗೆ ಮಾಡಿಸಿ ನೋಟರಿ ಸೀಲು ಹಾಕಿಸಿದೆವು. ಅದರಲ್ಲಿ ಅಜ್ಜನ ಹೆಸರಿನ ಕೆಳಗೆ ದೊಡ್ಡಪ್ಪ, ಅಪ್ಪ, ಅತ್ತೆ ಮೂವರ ಹೆಸರೂ ಒಂದೇ ಸಾಲಿನಲ್ಲಿತ್ತು.

ಕಡತವನ್ನೆಲ್ಲ ಜೋಡಿಸಿಟ್ಟು ಒಂದು ರಾತ್ರಿ ಪುಟ ತಿರುವಿ ನೋಡುತ್ತಿದ್ದೆ. ನನ್ನ ಕಾಗದಗಳು ದಪ್ಪ ಕಟ್ಟು. ಅತ್ತೆಯವು ತೆಳ್ಳಗೆ. ವೀಸಾ ಕೊಡುವವರ ತಲೆಯಲ್ಲಿರುವ ಮುಖ್ಯ ಪ್ರಶ್ನೆ, ಇವರು ವಾಪಸ್ ಹೋಗುತ್ತಾರಾ ಅನ್ನುವುದು. ಅದಕ್ಕೆ ಸಂಬಳ, ತೆರಿಗೆ, ಆಸ್ತಿ, ಇವೆಲ್ಲ ಊರಿಗೆ ಕಟ್ಟಿದ ಹಗ್ಗ ಅಂತ ಅವರ ಲೆಕ್ಕ. ಆ ಲೆಕ್ಕದಲ್ಲಿ ನಾನು ಗಟ್ಟಿ ಗಿರಾಕಿ, ಅತ್ತೆ ಅನುಮಾನದ ಗಿರಾಕಿ. ನನ್ನ ಸಹಿಯ ಮೇಲೆ, ನನ್ನ ದುಡ್ಡಿನ ಮೇಲೆ, ನನ್ನ ಜವಾಬ್ದಾರಿಯ ಮೇಲೆ ಅವಳು ಹೋಗಿ ಬರಬೇಕು.

ನಿಜ ಏನು ಗೊತ್ತಾ? ನನ್ನ ಜೊತೆ ಓದಿದವರಲ್ಲಿ ಎಷ್ಟೋ ಜನ ಈಗ ಹಾಲೆಂಡಿನ ಐಂಡ್‌ಹೋವನ್ ಕಡೆ ಇದ್ದಾರೆ. ಚಿಪ್ ಮಾಡುವ ಯಂತ್ರ ತಯಾರಿಸುವ ಎಎಸ್‌ಎಂಎಲ್ ಇರುವುದು ಅದರ ಪಕ್ಕದ ವೆಲ್ಡ್‌ಹೋವನ್‌ನಲ್ಲಿ. ಅಲ್ಲಿ ರಾಜ್ಯೋತ್ಸವವೂ ನಡೆಯುತ್ತದೆ, ಹೋಳಿಗೆ ಊಟವೂ ಆಗುತ್ತದೆ. ನಾಳೆ ನನಗೆ ಅಲ್ಲೊಂದು ಕೆಲಸ ಸಿಕ್ಕರೆ ನಾನು ಎರಡು ಸಲ ಯೋಚನೆ ಮಾಡುವುದಿಲ್ಲ. ಫ್ಲ್ಯಾಟಿನ ಇಎಂಐ ಅಲ್ಲಿಂದಲೂ ಕಟ್ಟಬಹುದು. ನನ್ನ ಸಂಬಳದ ಚೀಟಿ, ನನ್ನ ಡಿಗ್ರಿ, ನನ್ನ ಇಂಗ್ಲಿಷು ಯಾವುದೂ ನನ್ನನ್ನು ಊರಿಗೆ ಕಟ್ಟಿಹಾಕಿಲ್ಲ, ಊರು ಬಿಡಲು ನನ್ನ ಹತ್ತಿರ ಇರುವ ಸಾಮಾನೇ ಅವು. ಅತ್ತೆಯ ಕಥೆ ಬೇರೆ. ಹತ್ತು ದಿನದ ಮೇಲೆ ಹನ್ನೊಂದನೇ ದಿನ ಅವಳನ್ನು ಆಮ್‌ಸ್ಟರ್‌ಡ್ಯಾಮಿನಲ್ಲಿ ಇಟ್ಟುಕೊಳ್ಳಬೇಕಾದರೆ ಬಾಗಿಲಿಗೆ ಬೀಗ ಹಾಕಬೇಕು. ಅವಳು ವಾಪಸ್ ಬರುತ್ತಾಳೆ ಅಂತ ನಾನು ಜಾಮೀನು! ಯಾರು ಯಾರಿಗೆ ಜಾಮೀನು ನಿಲ್ಲಬೇಕಿತ್ತು ಅಂತ ನಗು ಬಂತು.

ವೀಸಾ ಕೇಳುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಪ್ರವಾಸಿ ಅಂತ ಹೋಗಿ ಉಳಿದುಕೊಳ್ಳುವವರು ಇದ್ದಾರೆ, ಆ ದೇಶದವರು ಎಚ್ಚರವಾಗಿರುವುದು ಸಹಜ. ನಮ್ಮ ದೇಶವೇನು ಎಲ್ಲರಿಗೂ ಬಾಗಿಲು ತೆರೆದಿಟ್ಟಿಲ್ಲ. ದಸರಾ ನೋಡಲು ಬರುವ ಡಚ್ ಪ್ರವಾಸಿಗೆ ಇ-ವೀಸಾ ಇದೆ, ಮನೆಯಲ್ಲೇ ಕೂತು ಅರ್ಜಿ ಹಾಕಿದರೆ ಮೇಲ್‌ನಲ್ಲಿ ಬರುತ್ತದೆ. 2014ರ ನವೆಂಬರ್‌ನಲ್ಲಿ ಈ ಪದ್ಧತಿ ಶುರುವಾಯಿತು. ಆದರೆ ಅದೇ ಅರ್ಜಿಯಲ್ಲಿ ನಿಮ್ಮ ಅಪ್ಪ ಅಮ್ಮ, ಅಜ್ಜ ಅಜ್ಜಿ ಪಾಕಿಸ್ತಾನದವರಾ ಅನ್ನುವ ಪ್ರಶ್ನೆಯೂ ಇದೆ. ಹೌದು ಅಂದವರ ಕಥೆ ಬೇರೆಯೇ. ನನ್ನ ತಕರಾರು ಅಳತೆಗೋಲಿನ ಬಗ್ಗೆ ಅಷ್ಟೇ. ಕಾಗದ ಇರುವವರು ಮರಳುತ್ತಾರೆ, ಇಲ್ಲದವರು ಉಳಿದುಬಿಡುತ್ತಾರೆ ಅನ್ನುವ ನಂಬಿಕೆ ನನ್ನ ಸುತ್ತಮುತ್ತ ನೋಡಿದರೆ ಉಲ್ಟಾ ಕಾಣುತ್ತದೆ.

ಕವರಿಂಗ್ ಲೆಟರ್ ಅಂತ ಒಂದು ಪತ್ರ ಜೊತೆಗಿಡಬಹುದು. ಅದರಲ್ಲಿ ಮಲ್ಲಿಗೆಯ ಬಗ್ಗೆ ಬರೆದೆ. ಮೊಗ್ಗು ಯಾವಾಗ ಬಿಡಿಸುತ್ತಾರೆ, ಏಪ್ರಿಲ್‌ನಲ್ಲಿ ಒಂದು ದಿನ ತಪ್ಪಿದರೆ ಎಷ್ಟು ನಷ್ಟ, ಅವಳಿಲ್ಲದಾಗ ಪಕ್ಕದ ಮನೆಯವರು ಅರ್ಧ ಪಾಲಿಗೆ ಹೂ ಬಿಡಿಸಲು ಒಪ್ಪಿರುವುದು, ಹಸು ನೋಡಿಕೊಳ್ಳಲು ಹಾಸನದಿಂದ ಮಗಳು ಬರುತ್ತಿರುವುದು ಎಲ್ಲವನ್ನೂ ಬರೆದೆ. ಒಲೆಗೆ ಬೀಳದೆ ಉಳಿದಿದ್ದ ಕೆಲವು ಮಂಡಿ ಚೀಟಿಗಳನ್ನೂ ಜೊತೆಗೆ ಸೇರಿಸಿದೆ. ತೋಟದಲ್ಲಿ ನಿಂತ ಅತ್ತೆಯ ಫೋಟೋ ಕೂಡ. ಟ್ರಾವೆಲ್ಸ್ ಹುಡುಗ, "ಇದನ್ನೆಲ್ಲ ಯಾರೂ ಓದಲ್ಲ ಮೇಡಂ" ಅಂದ. ಓದದಿದ್ದರೆ ಬೇಡ, ಬರೆಯುವುದು ನಿಜ ತಾನೇ ಅಂತ ಇಟ್ಟೆ.

ದಿನಕ್ಕೊಂದರಂತೆ ಪ್ರಯಾಣದ ಪಟ್ಟಿಯೂ ಬೇಕು. ಯಾವ ದಿನ ಯಾವ ಊರು, ಯಾವ ಹೋಟೆಲ್. "ಇನ್ನೂ ಹೋಗೇ ಇಲ್ಲ, ಯಾವತ್ತು ಎಲ್ಲಿರ್ತೀವಿ ಅಂತ ಹೆಂಗವ್ವ ಹೇಳದು?" ಅನ್ನುವುದು ಅತ್ತೆಯ ಪ್ರಶ್ನೆ. ವಿಮಾನದ ಟಿಕೆಟ್ ಪೂರ್ತಿ ಕೊಂಡಿರಬೇಕಿಲ್ಲ, ಬುಕಿಂಗ್ ತೋರಿಸಿದರೆ ಸಾಕು. ಹೋಟೆಲು ರದ್ದು ಮಾಡಬಹುದಾದ್ದನ್ನೇ ಹಿಡಿಯಬೇಕು. ಮೂವತ್ತು ಸಾವಿರ ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಕೇಳುವುದಕ್ಕೆ ದೊಡ್ಡ ಮೊತ್ತ, ಪ್ರೀಮಿಯಂ ಅಷ್ಟೇನಿಲ್ಲ. ಈ ಭಾಗದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ, ದುಡ್ಡು ಕೊಟ್ಟರೆ ಕಾಗದ ಬರುತ್ತದೆ.

ಅರ್ಜಿ ಕೇಂದ್ರಕ್ಕೆ ಹೋದ ದಿನ ಬೆರಳಚ್ಚಿನದ್ದೇ ದೊಡ್ಡ ಕಥೆಯಾಯಿತು. ಷೆಂಗೆನ್ ವೀಸಾಕ್ಕೆ ಹತ್ತೂ ಬೆರಳಿನ ಅಚ್ಚು ತೆಗೆದುಕೊಳ್ಳುತ್ತಾರೆ. ಒಮ್ಮೆ ಕೊಟ್ಟರೆ ಐದು ವರ್ಷದ ಹತ್ತಿರ ನಡೆಯುತ್ತದೆ. ಅತ್ತೆಯ ಬೆರಳು ಸ್ಕ್ಯಾನರಿನ ಮೇಲೆ ಮೂಡುತ್ತಲೇ ಇಲ್ಲ. ನಲವತ್ತು ವರ್ಷ ಮೊಗ್ಗು ಚಿವುಟಿ, ಹುಲ್ಲು ಕೊಯ್ದು, ಸಗಣಿ ಬಾಚಿ ಗೆರೆಗಳೆಲ್ಲ ಸವೆದಿವೆ. "ರೇಷನ್ ಅಂಗಡಿಲೂ ಹಿಂಗೆಯ" ಅಂದಳು ಸಮಾಧಾನವಾಗಿ. ಕೌಂಟರಿನಲ್ಲಿದ್ದ ಹುಡುಗಿ ಕನ್ನಡದವಳು. ಒದ್ದೆ ಟಿಶ್ಯೂ ಕೊಟ್ಟು ಒರೆಸಿಸಿದಳು, ಆಮೇಲೆ ತನ್ನ ಬ್ಯಾಗಿನಿಂದಲೇ ಕ್ರೀಮ್ ತೆಗೆದು ಹಚ್ಚಿದಳು, ಬೆರಳಿನ ಮೇಲೆ ತನ್ನ ಬೆರಳಿಟ್ಟು ಒತ್ತಿದಳು. ಹಿಂದೆ ಕ್ಯೂ ಬೆಳೆಯುತ್ತಿತ್ತು. ಕೊನೆಗೆ ಹೇಗೋ ಮಿಷನ್ ಒಪ್ಪಿತು. ನನ್ನ ಹತ್ತು ಬೆರಳು ಒಂದೇ ಸಲಕ್ಕೆ ಮೂಡಿದವು. ಕೀಬೋರ್ಡಿನಿಂದ ಏನೂ ಸವೆಯುವುದಿಲ್ಲ ನೋಡಿ.

ಆಮೇಲೆ ಕಾಯುವ ಕೆಲಸ. ಪಾಸ್‌ಪೋರ್ಟ್ ಅವರ ಹತ್ತಿರ, ಮನಸ್ಸು ಮೊಬೈಲಿನ ಹತ್ತಿರ. ನನ್ನ ಗೆಳತಿಯೊಬ್ಬಳ ತಂದೆಗೆ ಅದೇ ಸುಮಾರಿಗೆ ಬೇರೊಂದು ದೇಶದ ವೀಸಾ ನಿರಾಕರಣೆಯಾಯಿತು. ರಿಟೈರ್ಡ್ ಮೇಷ್ಟ್ರು, ಪಿಂಚಣಿ ಬರುತ್ತದೆ, ಸ್ವಂತ ಮನೆ ಇದೆ. ಬಂದ ಹಾಳೆಯಲ್ಲಿ ಅಚ್ಚಾದ ಕಾರಣಗಳ ಪಟ್ಟಿ, ಒಂದರ ಮುಂದೆ ಗುರುತು. ನೀವು ವೀಸಾ ಮುಗಿಯುವ ಮುನ್ನ ಹೊರಡುತ್ತೀರಿ ಅನ್ನುವುದರ ಬಗ್ಗೆ ನಮಗೆ ಸಂದೇಹವಿದೆ ಅಂತ. ಮೇಷ್ಟ್ರು ಅದನ್ನು ಓದಿ ಎರಡು ದಿನ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲವಂತೆ. ಟಿಕೆಟ್ ದುಡ್ಡು ಹೋದದ್ದಕ್ಕಲ್ಲ. ಜೀವಮಾನವಿಡೀ ಬೇರೆಯವರ ನಡತೆ ಪತ್ರಕ್ಕೆ ಸಹಿ ಹಾಕಿದ ಮನುಷ್ಯನ ಮಾತನ್ನು ಯಾರೋ ನಂಬಲಿಲ್ಲ ಅಂತ. ಇದನ್ನು ನಾನು ಅತ್ತೆಗೆ ಹೇಳಲಿಲ್ಲ.

ನಮ್ಮದು ಬಂತು. ಇಬ್ಬರಿಗೂ ಒಂದೇ ಥರದ ಚೀಟಿ ಪಾಸ್‌ಪೋರ್ಟಿನಲ್ಲಿ ಅಂಟಿತ್ತು. ಒಂದೇ ಪ್ರವೇಶ, ಕೇಳಿದಷ್ಟೇ ದಿನ. ನನ್ನ ದಪ್ಪ ಕಟ್ಟಿಗೆ ಒಂದು ದಿನವೂ ಹೆಚ್ಚು ಸಿಕ್ಕಿರಲಿಲ್ಲ. ಪತ್ರ ಓದಿದರೋ, ವಂಶವೃಕ್ಷ ನೋಡಿದರೋ, ನನ್ನ ಸಂಬಳ ಮಾತ್ರ ನೋಡಿದರೋ, ಕೊಟ್ಟದ್ದಕ್ಕೆ ಕಾರಣ ಬರೆದು ಕಳಿಸುವ ಪದ್ಧತಿ ಇಲ್ಲ.

ಪ್ರವಾಸದ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಎರಡು ವಿಷಯ ಮಾತ್ರ ಹೇಳಿಬಿಡುತ್ತೇನೆ. ಆಲ್ಸ್‌ಮೇರ್‌ನಲ್ಲಿ ಬೆಳಿಗ್ಗೆ ಮೇಲಿನ ದಾರಿಯಿಂದ ಕೆಳಗಿನ ವ್ಯಾಪಾರ ನೋಡಬಹುದು. ಅಲ್ಲಿ ಹರಾಜಿನ ಗಡಿಯಾರ ದೊಡ್ಡ ಬೆಲೆಯಿಂದ ಶುರುವಾಗಿ ಇಳಿಯುತ್ತಾ ಬರುತ್ತದೆ, ಮೊದಲು ಗುಂಡಿ ಒತ್ತಿದವನಿಗೆ ಮಾಲು. ಅತ್ತೆ ಸ್ವಲ್ಪ ಹೊತ್ತು ನೋಡಿ, "ನಮ್ ಮಂಡಿಲೂ ಬೆಲೆ ಇಳಿಯದೆಯ, ಗಡಿಯಾರ ಒಂದಿಲ್ಲ ಅಷ್ಟೆ" ಅಂದಳು. ಇನ್ನೊಂದು, ಒಂದು ದಿನ ರೈಲಿನಲ್ಲಿ ಬೆಲ್ಜಿಯಂನ ಆಂಟ್‌ವರ್ಪಿಗೆ ಹೋದೆವು. ದೇಶ ದಾಟಿದ್ದು ನನ್ನ ಮೊಬೈಲಿಗೆ ಬಂದ ಮೆಸೇಜಿನಿಂದ ಗೊತ್ತಾಯಿತು. ಅತ್ತೆ ಸೆರಗಿನಲ್ಲಿ ಸುತ್ತಿಟ್ಟುಕೊಂಡಿದ್ದ ಪಾಸ್‌ಪೋರ್ಟ್ ತೆಗೆದು ಹಿಡಿದು ಕೂತಿದ್ದಳು. ಯಾರೂ ಕೇಳಲಿಲ್ಲ. "ಇಷ್ಟೆಲ್ಲ ಮಾಡ್ಸಿದ್ವಲ್ಲ, ಒಬ್ರಾರ ನೋಡ್ಬಾರ್ದಾ" ಅಂತ ಅವಳಿಗೆ ಬೇಜಾರು.

ಊರಿಗೆ ಬಂದ ಮೇಲೆ ಅತ್ತೆ ವೀಸಾ ಕಡತವನ್ನು ನನಗೆ ವಾಪಸ್ ಕೊಡಲಿಲ್ಲ. ಅದರಲ್ಲಿದ್ದ ಪಹಣಿಯನ್ನು ತೆಗೆದು ಮೈದುನನ ಮನೆಗೆ ಹೋಗಿದ್ದಾಳೆ. ಪೌತಿ ಖಾತೆ ಮಾಡಿಸಬೇಕು, ನನ್ನ ಭಾಗ ನನ್ನ ಹೆಸರಿಗೆ ಬರಬೇಕು ಅಂದಿದ್ದಾಳೆ. ಅವರು ಒಳ್ಳೆಯವರೇ. "ನನ್ ಜೀವ ಇರೋಗಂಟ ನಿಮ್ ತೋಟನ ಯಾರೂ ಮುಟ್ಟಕಿಲ್ಲ ಅತ್ಗೆ, ಕಾಗ್ದ ಯಾಕೆ?" ಅಂದರಂತೆ. "ಬಾಯ್ಮಾತ ವೀಸಾದವ್ರು ಒಪ್ಪಕಿಲ್ಲ ಕಣಪ್ಪ" ಅಂದಳಂತೆ ಅತ್ತೆ. ಇನ್ನೊಂದು ಸಲ ಎಲ್ಲಿಗೆ ಹೋಗ್ತೀರಿ ಅಂತ ಅವರು ಕೇಳಿದ್ದಕ್ಕೆ ಉತ್ತರ ಕೊಟ್ಟಿಲ್ಲ. ಗ್ರಾಮ ಆಡಳಿತಾಧಿಕಾರಿಗೆ ಅರ್ಜಿ ಹೋಗಿದೆ, ಮರಣ ಪತ್ರಗಳು ಸಿಕ್ಕಿವೆ. ಈ ಸಲ ಆ ಮನೆಯ ವಂಶವೃಕ್ಷ ಬೇಕು. ಅದಕ್ಕೆ ಮೈದುನ ಸಹಿ ಹಾಕಬೇಕು. ಗೌರಿ ಹಬ್ಬ ಕಳೆಯಲಿ ಅಂದಿದ್ದಾರೆ.